ಹಲಗೇರಿ ಹೊಲದಲ್ಲಿದ್ದ ಡ್ರೈವರ್

ರಾಣೆಬೆನ್ನೂರು
೭ ಜನವರಿ ೨೦೨೫

ಪ್ರೀತಿಯ ಶೈಲಾ,

ಗುತ್ತಲದಲ್ಲಿ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ನೆಗಡಿ ಹೇಗಿದೆ? ಮಾವನವರ ಮೊಣಕಾಲು ನೋವು ಕಡಿಮೆಯಾಯಿತೇ? ನಾನೂ ಅವ್ವನೂ ಚೆನ್ನಾಗಿದ್ದೇವೆ, ಅಂದರೆ ಅವ್ವ ಚೆನ್ನಾಗಿದ್ದಾಳೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. "ಪ್ರಿಂಟ್ ಬರೂತನಕ ನನ್ನ ಕರಿಯಾಕ ಬರಬ್ಯಾಡ್ರಿ" ಎಂದು ಬ್ಯಾಗು ಹಿಡಿದು ತವರಿಗೆ ಹೋಗಿ ಇವತ್ತಿಗೆ ಐದು ದಿನ. ಐದು ದಿನವೂ ನಾನು ಈ ದರಿದ್ರ ಕಂಪ್ಯೂಟರಿನ ಮುಂದೆಯೇ ಕೂತಿದ್ದೇನೆ.

ನಿನ್ನ ಕಂಪ್ಯೂಟರನ್ನು ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಿದರೆ ಚುರುಕಾಗುತ್ತದೆ ಎಂದುಕೊಂಡು ನಿನ್ನನ್ನು ಕೇಳದೆ ಮಾಡಿದೆ. ಮೇಲಿಂದ ಅವ್ವನ ಎದುರಿಗೆ "ಆಟದ ಸಾಮಾನಕ್ಕ ಇಷ್ಟ್ಯಾಕ ಸಿಟ್ಟು" ಎಂದೂ ಅಂದೆ. ಊರ ಹೆಂಗಸರು ಮಾರುವ ಖಾರಪುಡಿ, ಚಟ್ನಿಪುಡಿ ಪೊಟ್ಟಣಗಳಿಗೆ ನೀನು ದುಡ್ಡಿಗೆ ಮಾಡಿಕೊಡುವ ಲೇಬಲ್‌ಗಳು ಬೇರೆ ಡ್ರೈವಿನಲ್ಲಿವೆ, ಒಂದೂ ಹೋಗಿಲ್ಲ, ಗಾಬರಿಯಾಗಬೇಡ. ಹೋದದ್ದು ಪ್ರಿಂಟರಿನ ಡ್ರೈವರ್. ಅದಿಲ್ಲದೆ ಕಂಪ್ಯೂಟರಿಗೆ ಪ್ರಿಂಟರಿನ ಗುರುತೇ ಹತ್ತುವುದಿಲ್ಲವಂತೆ. "ಡ್ರೈವರ್ ಇಲ್ಲಬೇ" ಎಂದು ಅವ್ವನಿಗೆ ಹೇಳಿದರೆ ಅವಳು ಟೆಂಪೊ ಓಡಿಸುವ ಮುಸ್ತಾಕನನ್ನೇ ಕರೆಸಿಬಿಟ್ಟಳು. ಅವನು ಚಹಾ ಕುಡಿದು, ನಕ್ಕು ಹೋದ.

ಡ್ರೈವರ್ ಇರುವುದು ಪ್ರಿಂಟರಿನ ಜೊತೆ ಬಂದಿದ್ದ ಸಿ.ಡಿ.ಯಲ್ಲಿ, ಅದಕ್ಕಾಗಿ ಕಪಾಟೆಲ್ಲ ಕಿತ್ತುಹಾಕಿದೆ. ಕಡೆಗೆ ನೆನಪಾಯಿತು, ಗಿಳಿ ಬೆದರಲಿ ಎಂದು ನಾನೇ ಅದನ್ನು ಹಲಗೇರಿ ಹೊಲದ ಜೋಳದಲ್ಲಿ ದಾರಕ್ಕೆ ಕಟ್ಟಿದ್ದೆ. ಬೈಕಿನಲ್ಲಿ ಹೋಗಿ ಬಿಚ್ಚಿ ತಂದೆ. ಬಿಸಿಲಿಗೆ ಅದರ ಬೆಳ್ಳಿಬಣ್ಣವೆಲ್ಲ ಎದ್ದಿದೆ. ಕಂಪ್ಯೂಟರ್ ಅದನ್ನು ಒಳಗೆಳೆದುಕೊಂಡು ಗರಗರ ತಿರುಗಿಸಿ ಹೊರಗೆ ಉಗುಳಿತು. ಅತ್ತ ಗಿಳಿಗಳಿಗೆ ಹಬ್ಬ. ಆಮೇಲೆ ಮೊಬೈಲಿನಲ್ಲಿ ಇಳಿಸಿಕೊಂಡ ಡ್ರೈವರ್ ಮೂವತ್ತೆರಡು ಬಿಟ್‌ನದು, ನಮ್ಮದಕ್ಕೆ ಬೇಕಾದದ್ದು ಅರವತ್ತನಾಲ್ಕು. ಮತ್ತೆ ಇಳಿಸಿದೆ. ಹೇಳುವ ತನಕ ಪ್ರಿಂಟರಿನ ಕೇಬಲ್ ಚುಚ್ಚಬೇಡಿ ಎಂದು ಪರದೆಯ ಮೇಲೆ ಬರೆದಿತ್ತು, ನಾನು ಮೊದಲೇ ಚುಚ್ಚಿದ್ದೆ. ಎಲ್ಲ ಕಿತ್ತು ಮೊದಲಿನಿಂದ ಶುರು. ಪ್ರಿಂಟರಿನ ಹೆಸರಿನ ಪಕ್ಕ ಇನ್ನೂ ಸರಿಯಾಗಿಲ್ಲ ಎನ್ನುವ ಒಂದು ಹಳದಿ ಗುರುತು ಬರುತ್ತದೆ, ಅದನ್ನು ನೋಡಿ ನೋಡಿ ತಲೆ ಕೆಟ್ಟಿದೆ. ಬ್ಯಾಡಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ತಿರಕಪ್ಪನಿಗೆ ಫೋನ್ ಮಾಡಿದರೆ "ಕಂಪ್ಯೂಟರಿಗೆ ತಾನ ಹುಡುಕ್ಕೊಳ್ಳಾಕ ಬಿಡಬ್ಯಾಡ್ರಿ, ಡ್ರೈವರ್ ಇರೂ ಫೋಲ್ಡರ್ ನೀವ ತೋರಿಸ್ರಿ" ಎಂದ. ಈಗ ಅದನ್ನೇ ಮಾಡಿ ಕಾಯುತ್ತಿದ್ದೇನೆ. ಇದನ್ನೆಲ್ಲ ನೀನು ಒಬ್ಬಳೇ, ಯಾರಿಗೂ ಹೇಳದೆ, ಎಷ್ಟು ಸಲ ಮಾಡಿಕೊಂಡಿದ್ದೀಯೋ. ನನಗಂತೂ ಸಾಕಾಗಿದೆ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಹೇಳು. ನೆಗಡಿಯಲ್ಲಿ ತಣ್ಣೀರು ಮುಟ್ಟಬೇಡ.

ನಿನ್ನ
ವಿಜಯಮಹಾಂತೇಶ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪ್ರಿಂಟ್ ಬಂತು. ಭಾನುವಾರ ಕರೆಯಲು ಬರುತ್ತೇನೆ. ಚಟ್ನಿಪುಡಿ ಮಾರುವ ಶೇಖವ್ವ ಎಂಬವರು ಈಗಷ್ಟೇ ಲೇಬಲ್ ಕೇಳಿಕೊಂಡು ಮೊದಲ ಸಲ ಮನೆಗೆ ಬಂದಿದ್ದರು. ನಾನೇ ಹೊಡೆದುಕೊಡಬಹುದಿತ್ತು, ಕೈ ಬರಲಿಲ್ಲ. "ಮಾಲಕರು ಊರಾಗಿಲ್ಲರಿ, ಅವರ ಬರಲಿ" ಎಂದೆ. "ನೀವ್ಯಾರ್ರಿ?" ಎಂದರು. "ಅವರ ಗಂಡ" ಎಂದೆ.