ಸಾರ್ಜೆಂಟನ ಕೈಯಿಂದ ಜನರಲ್‌ನ ಪದಕ

ಸೆಪ್ಟೆಂಬರ್ 6, 1920. ಸೋಮವಾರ

ಬೆಳಿಗ್ಗೆ ಊರಿನ ಚೀಸ್ ಮನೆಗೆ ಹೋಗಿ ಬಂದೆ. ಹೊಸ ಮೇಸ್ತ್ರಿ ಹಾಲನ್ನು ಅತಿಯಾಗಿ ಕಾಯಿಸುತ್ತಾನೆ. ಬೈದೆ. "ಎಂಬತ್ತೆರಡಾಯ್ತು ತಾತಾ, ಮನೇಲಿ ಕೂತ್ಕೋಬಾರ್ದಾ?" ಅಂದ. ಮೂವತ್ತು ವರ್ಷ ಆ ಕಡಾಯಿಯ ಮುಂದೆ ನಿಂತವನು ನಾನು. ಸುಮ್ಮನಿರು ಅಂದರೆ ಹೇಗೆ?

ಬಂದರೆ ಮೇಜಿನ ಮೇಲೆ ಸೆಲೆಸ್ತಾಂನ ಕಾಗದ. ಮಗ ಜನರಲ್ ಆದರೂ ಕಾಗದದಲ್ಲಿ ಜಿಪುಣನೇ. ನಾಲ್ಕು ಸಾಲು. ಅವನಿಗೆ ಮಿಲಿಟರಿ ಪದಕ ಕೊಡುತ್ತಾರಂತೆ. ಹಳದಿ ರಿಬ್ಬನ್ನು, ಹಸಿರು ಅಂಚು — ನನ್ನ ಹತ್ತಿರ ಇರುವಂಥದ್ದೇ! ಅದು ಸಿಪಾಯಿಗಳದ್ದು, ಸಾರ್ಜೆಂಟರದ್ದು. ಅಧಿಕಾರಿಗಳು ಎಷ್ಟು ಕುಣಿದರೂ ಸಿಗುವುದಿಲ್ಲ. ದೊಡ್ಡ ಸೈನ್ಯ ನಡೆಸಿ ಗೆದ್ದ ಜನರಲ್‌ಗೆ ಮಾತ್ರ, ಎಲ್ಲಕ್ಕಿಂತ ಮೇಲಿನ ಮರ್ಯಾದೆ ಎಂದು ಕೊಡುತ್ತಾರೆ.

ಕೊನೆಯ ಸಾಲು: "ಹತ್ತೊಂಬತ್ತಕ್ಕೆ, ಪೊಂತಾರ್ಲಿಯೆ ಪಟ್ಟಣದ ಚೌಕದಲ್ಲಿ. ಈ ಪದಕದಲ್ಲಿ ನೀನು ನನಗಿಂತ ಐವತ್ತು ವರ್ಷ ಹಿರಿಯ. ನೀನೇ ತೊಡಿಸಬೇಕು ಅಂತ ಪ್ಯಾರಿಸ್‌ಗೆ ಬರೆದು ಒಪ್ಪಿಸಿದ್ದೇನೆ."

ಮೂರು ಸಲ ಓದಿದೆ. ಮಗಳು ಫಿಲೊಮೆನ್ ನೋಡಿಬಿಟ್ಟಳು. "ಏನಪ್ಪಾ, ಅಳ್ತಿದೀಯಾ?"

"ನೀನು ಈರುಳ್ಳಿ ಹೆಚ್ತಿದೀಯಲ್ಲೇ, ಇನ್ನೇನಾಗತ್ತೆ!"

ಅವಳು ಹೆಚ್ಚುತ್ತಿದ್ದದ್ದು ಆಲೂಗಡ್ಡೆ.

ಸೆಪ್ಟೆಂಬರ್ 8

ಭಾನುವಾರದ ಕೋಟನ್ನು ಬಾಗಿಲಿಗೆ ತೂಗುಹಾಕಿ, ನನ್ನ ಪದಕವನ್ನೇ ಚುಚ್ಚಿ ನೋಡಿದೆ. ಆಗಲಿಲ್ಲ. ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು 1871ರ ಜನವರಿಯಲ್ಲಿ, ನಾನು ಸಾರ್ಜೆಂಟನಾಗಿದ್ದ ಯುದ್ಧದಲ್ಲಿ, ಸ್ವಿಸ್ ಗಡಿಯ ಹಿಮ ತಿಂದುಹಾಕಿತು. ಮೂರರಲ್ಲಿ ಸಂಸಾರ ಮಾಡಿದೆ, ಚೀಸ್ ಮಾಡಿದೆ. ಈಗ ಆ ಮೂರೂ ನಡುಗುತ್ತವೆ. ದರಿದ್ರ.

ಸೆಪ್ಟೆಂಬರ್ 9

ಪಕ್ಕದ ಮನೆ ಫೇವ್ರ್ ಬಂದ. ಎದೆಯುಬ್ಬಿಸಿ ನಿಂತ. "ಚುಚ್ಚೋ, ದೆಸಿರೆ. ನನ್ನನ್ನೇ ಜನರಲ್ ಅಂದ್ಕೋ."

"ನಿನ್ನನ್ನ ಜನರಲ್ ಅಂದ್ಕೊಂಡ್ರೆ ಫ್ರಾನ್ಸ್ ಉಳಿಯತ್ತೇನೋ?"

ಚುಚ್ಚಿದೆ. ಕೋಟು, ಅಂಗಿ ಎರಡೂ ದಾಟಿ ಹೋಯಿತು ಪಿನ್ನು. ಅಯ್ಯಯ್ಯೋ ಸತ್ತೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದ. ಸಮಾಧಾನಕ್ಕೆ ಎರಡು ಲೋಟ ವೈನ್ ಕುಡಿದು ಹೋದ.

ಸೆಪ್ಟೆಂಬರ್ 13, ಮಧ್ಯಾಹ್ನ

ಸಮಾರಂಭದ ಏರ್ಪಾಟು ನೋಡುವ ಕ್ಯಾಪ್ಟನ್ ಬಂದಿದ್ದ. ಎಳೆಯ, ಬೂಟು ಫಳಫಳ. ನನ್ನ ಕೈಯನ್ನೇ ನೋಡುತ್ತ ಕೂತ.

"ಯಜಮಾನರೇ, ಜನರಲ್ ಸಾಹೇಬರ ಕೋಟಿಗೆ ಒಂದು ಕೊಕ್ಕೆ ಹೊಲಿಸಿಬಿಡ್ತೀವಿ. ನೀವು ಸುಮ್ನೆ ಸಿಕ್ಕಿಸಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗತ್ತಲ್ಲ!" ಅಂದೆ.

ಅವನು ಹೋದ ಮೇಲೆ ಫಿಲೊಮೆನ್ ಸುರು ಮಾಡಿದಳು. "ಹಠ ಬಿಡಪ್ಪಾ. ಎರಡು ಸಾವಿರ ಜನ ನೋಡ್ತಿರ್ತಾರೆ. ಕೈಯಿಂದ ಬಿದ್ರೆ ಅಣ್ಣನ ಮರ್ಯಾದೆ ಏನಾಗ್ಬೇಕು?"

ಆ ಮಾತು ನಾಟಿತು.

ಸೆಪ್ಟೆಂಬರ್ 15

ಕೋಟಿನ ಮೇಲೆ ಹನ್ನೊಂದು ಸಲ. ಎರಡು ಸಲ ಸರಿಹೋಯಿತು. ಐದು ಸಲ ಕೆಳಗೆ ಬಿತ್ತು.

ಕೂತು ಯೋಚಿಸಿದೆ. ಸೆಲೆಸ್ತಾಂ ಸಾಂ-ಸೀರ್ ಸೈನಿಕ ಶಾಲೆ ಸೇರಿದಾಗ ದೊಡ್ಡ ಮನೆಯ ಮಕ್ಕಳು ಮೂಗು ಮುಚ್ಚಿಕೊಂಡರಂತೆ, ಚೀಸ್ ವಾಸನೆ ಅಂತ. ಮೂರನೆಯವನಾಗಿ ಪಾಸಾದ. ದೂರದ ಟೊಂಕಿನ್ ವಸಾಹತಿನ ಜ್ವರದಲ್ಲಿ ಎಲುಬಾಗಿ ಬಂದ, ಮತ್ತೆ ಹೋದ. ಐವತ್ತು ದಾಟಿದ ಮೇಲೆ ದೊಡ್ಡ ಯುದ್ಧ. ವೆರ್ದಂ ಕಾಳಗದಲ್ಲಿ ಒಂದು ಡಿವಿಷನ್ ನಡೆಸಿದ, ಆಮೇಲೆ ಒಂದಿಡೀ ಸೈನ್ಯ. ಅವನ ಕೈಕೆಳಗಿದ್ದ ಒಬ್ಬ ಕುಂಟ ಕಳೆದ ವರ್ಷ ನಮ್ಮ ಬಾಗಿಲಿಗೆ ಬಂದಿದ್ದ. "ಕಂದಕಕ್ಕೆ ಬ್ರೆಡ್ ಬಂದಿಲ್ಲ ಅಂದ್ರೆ ನಿಮ್ಮ ಮಗನೂ ಉಣ್ತಿರಲಿಲ್ಲ ತಾತಾ" ಅಂದ. ಅವನೆದುರು ಹೂಂ ಅಂದೆ ಅಷ್ಟೇ. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಹೇಳಿಕೊಂಡೆ, ನನ್ನ ಮಗ ಕಣೇ ಅಂತ.

ಅಂಥವನನ್ನು ನನ್ನ ಹಠಕ್ಕಾಗಿ ಜನರ ಮುಂದೆ ನಗೆಪಾಟಲು ಮಾಡಲೇ? ಕ್ಯಾಪ್ಟನ್‌ಗೆ ಬರೆದು ಹಾಕಿದೆ. ಕೊಕ್ಕೆ ಹೊಲಿಸಿ.

ಸೆಪ್ಟೆಂಬರ್ 17

ಟೆಲಿಗ್ರಾಂ. "ಕೊಕ್ಕೆ ಕಿತ್ತು ಹಾಕಿಸಿದ್ದೇನೆ. ಪಿನ್ನೇ ಚುಚ್ಚು. ಸೆಲೆಸ್ತಾಂ."

ಹಾಳಾದವನು. ಹಠ ಎಲ್ಲಿಂದ ಬಂತೋ!

ಸೆಪ್ಟೆಂಬರ್ 19, ಭಾನುವಾರ. ಬೆಳಿಗ್ಗೆ 6

ಗಡ್ಡ ಹೆರೆದುಕೊಂಡೆ. ಎರಡು ಕಡೆ ಕೊಯ್ದುಕೊಂಡೆ. ಗಾಡಿ ಬಂದಿದೆ. ಬೀಳಬಾರದು. ಅಷ್ಟೇ. ಬೀಳಬಾರದು.

ಅದೇ ದಿನ, ಸಾಯಂಕಾಲ 5

ಬರೆದುಬಿಡಬೇಕು, ಈಗಲೇ.

ಚೌಕದ ತುಂಬ ಪಡೆ. ಕಹಳೆ. ಸೆಲೆಸ್ತಾಂ ಒಬ್ಬನೇ ನಡುವೆ, ನೆಟ್ಟಗೆ. ನನಗಿಂತ ಗೇಣು ಎತ್ತರ. ಕ್ಯಾಪ್ಟನ್ ಮೆತ್ತೆಯ ಮೇಲೆ ಪದಕ ತಂದ. ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿದೆ, ಒಂದು ಅಕ್ಷರ ತಪ್ಪಲಿಲ್ಲ. ಆಮೇಲೆ ಕೈ ಎತ್ತಿದೆ... ಸುರುವಾಯಿತು ನಡುಕ. ಪಿನ್ನು ಬಟ್ಟೆಯ ಮೇಲೆ ಜಾರುತ್ತದೆ. ಒಂದು ಸಲ. ಎರಡು ಸಲ. ಕ್ಯಾಪ್ಟನ್ ಒಂದು ಹೆಜ್ಜೆ ಮುಂದೆ ಬಂದ.

ಆಗ ಮೇಲಿಂದ, ತುಟಿ ಅಲ್ಲಾಡಿಸದೆ: "ಅವಸರ ಇಲ್ಲಪ್ಪಾ. ಇವರೆಲ್ಲ ನನ್ನ ಮಾತು ಕೇಳೋರೇ. ಬೇಕಾದ್ರೆ ಕತ್ತಲಾಗೋವರೆಗೂ ನಿಲ್ಲಿಸ್ತೀನಿ."

"ಬಾಯ್ಮುಚ್ಚೋ," ಅಂದೆ. "ಅಟೆನ್ಷನ್‌ನಲ್ಲಿ ನಿಂತವನು ಮಾತಾಡ್ತಾನೇನೋ?"

ಅವನ ಹೊಟ್ಟೆ ಕುಲುಕಿತು, ನಗು. ನನಗೂ ಬಂತು. ನಗು ಬಂದ ಕೂಡಲೇ ಕೈ ಸಡಿಲವಾಯಿತು. ಚುಚ್ಚಿದೆ. ಕೂತಿತು. ನೆಟ್ಟಗೆ ಕೂತಿತು, ನನ್ನ ಮೂರು ಬೆರಳಿನಿಂದಲೇ!

ಪದಕ ತೊಡಿಸಿದವನು ಎರಡೂ ಕೆನ್ನೆಗೆ ಮುತ್ತು ಕೊಡಬೇಕಲ್ಲ, ಅವನೇ ಬಗ್ಗಿದ. ಕಿವಿಯಲ್ಲಿ ಹೇಳಿದೆ, ಐವತ್ತೆಂಟು ವರ್ಷದಲ್ಲಿ ಮೊದಲ ಸಲ: "ಒಳ್ಳೆ ಕೆಲಸ ಮಾಡಿದೀಯ, ಮಗಾ."

ಆಗ ನಡುಗಿದ್ದು ನಾನಲ್ಲ.

ಮನೆಗೆ ಬಂದು ಅವನು ಕೋಟು ಬಿಚ್ಚಿದರೆ ಅಂಗಿಯ ಮೇಲೆ ಕಡಲೆಯಷ್ಟು ರಕ್ತ. "ಹೇಳ್ಬಾರ್ದಿತ್ತೇನೋ?" ಅಂದೆ.

"ಹೇಳಿದ್ರೆ ನೀನು ಕಿತ್ತು ಮತ್ತೆ ಚುಚ್ತಿದ್ದೆ."

ಹೌದು, ಚುಚ್ಚುತ್ತಿದ್ದೆ. ಫ್ರಾನ್ಸಿನಲ್ಲಿ ಇವತ್ತು ನನ್ನಷ್ಟು ಸೊಕ್ಕಿನ ಮುದುಕ ಇನ್ನೊಬ್ಬ ಇರಲಾರ. ಇರಲಿ, ಸೊಕ್ಕೇ ಸರಿ.

ಅಡುಗೆಮನೆಯಿಂದ ಕೂಗುತ್ತಿದ್ದಾನೆ, ಒಂದು ಸೈನ್ಯಕ್ಕೆ ಕೇಳುವಷ್ಟು ಜೋರಾಗಿ. "ಸಾರ್ಜೆಂಟ್ ಕ್ಯುನೊ! ಸೂಪ್ ಆರ್ತಿದೆ! ಇದು ಆಜ್ಞೆ!"

ಯಾರ ಆಜ್ಞೆಗೂ ಎದ್ದು ಐವತ್ತು ವರ್ಷವಾಯಿತು. ಇವನ ಆಜ್ಞೆಗೆ ಏಳುತ್ತೇನೆ. ಸಾಲು ಅರ್ಧಕ್ಕೇ ಬಿಟ್ಟು, ಬೂಟು ಸಮೇತ, ಬೆನ್ನು ನೆಟ್ಟಗೆ ಮಾಡಿ—