ಪೆನ್ಸಿಲ್ ಗೀಟಿನ ಎತ್ತರ

ಅಪ್ಪಾ,

ನೀವು ತೀರಿಕೊಂಡು ಎರಡು ತಿಂಗಳಾದ ಮೇಲೆ, ಇವತ್ತು ಗೋಡೆಗೆ ಕಂಬಿ ಹಾಕಿಸಿದೆ. ಕಾಲಿಗೆ ಕಸುವು ಬರಲೆಂದು ನೀವು ದಿನಾ ಹಿಡಿದುಕೊಂಡು ಎದ್ದು ಕೂತು ಮಾಡಬೇಕಿದ್ದ ಅದೇ ವ್ಯಾಯಾಮದ ಕಂಬಿ. ತಂದಾಗಿನಿಂದ ಪ್ಲಾಸ್ಟಿಕ್ ಕೂಡ ಬಿಚ್ಚದೆ ಬಾಗಿಲ ಹಿಂದೆ ಒರಗಿಸಿಟ್ಟಿದ್ದೆನಲ್ಲ, ಅದು.

"ಎಷ್ಟೆತ್ತರಕ್ಕೆ ಹಾಕ್ಲಿ ಸಾರ್?" ಎಂದ ಬಡಗಿ.

ನಾನು ಬಾಯಿ ಬಿಡುವ ಮುಂಚೆಯೇ ಅಮ್ಮ, "ಅವರು ಪೆನ್ಸಿಲಲ್ಲಿ ಗೀಟು ಹಾಕಿದ್ರಲ್ಲ, ಅಲ್ಲಿಗೇ ಹಾಕಪ್ಪ. ಈಗ ನನ್ನ ಮಂಡಿಗೂ ಬೇಕು" ಎಂದಳು.

ಬಡಗಿ ಗೋಡೆಯನ್ನೆಲ್ಲ ಹುಡುಕಿದ. ಗೀಟು ಎಲ್ಲಿರಬೇಕು? ಹೊಸ ಬಣ್ಣ ಹಾಳಾಯಿತೆಂದು ರೇಗಿ, ನಿಮ್ಮೆದುರೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. "ಬಿಡಪ್ಪ, ಗೋಡೆ ಇದೆಯಲ್ಲ, ಅದನ್ನೇ ಹಿಡ್ಕೋತೀನಿ" ಅಂದಿದ್ದಿರಿ. ಬಿದ್ದ ದಿನವೂ ಅದನ್ನೇ ಹಿಡಿದಿದ್ದಿರಿ.

ಅಮ್ಮ ನನ್ನ ಕಡೆ ನೋಡದೆ ಎದ್ದು ಬಂದು ಗೋಡೆಯ ಮೇಲೆ ಅಂಗೈ ಇಟ್ಟಳು. "ಇಲ್ಲಿ."

ನಾಲ್ಕು ತೂತು, ಹತ್ತು ನಿಮಿಷದ ಕೆಲಸ. "ಭಾರ ಬಿಟ್ಟು ನೋಡಿ ಸಾರ್" ಎಂದ ಬಡಗಿ. ಮೊಣಕಾಲು ಮಡಿಸಿ ಇಡೀ ಮೈಭಾರ ಬಿಟ್ಟೆ.

ಒಂದಿಷ್ಟೂ ಅಲುಗಾಡಲಿಲ್ಲ, ಅಪ್ಪಾ.