ಹಿಂದಿನ ಕೋಣೆಯ ಕೋವಿ

ಮಾಜಾಳಿ, ಕಾರವಾರ
೫ ಎಪ್ರಿಲ್ ೨೦೨೪

ನನ್ನ ಮುದ್ದಿನ ರೂಪಕ್ಕಾ,

ಮೊದಲು ಆ ಕೆಂಪು ಪೆನ್ನನ್ನು ಚೀಲದೊಳಗೆ ಇಡು. ಅವರ್ಸಾ ಶಾಲೆಯ ನಿನ್ನ ಮೂರನೇ ಇಯತ್ತೆಯ ಮಕ್ಕಳಷ್ಟು ನನಗೆ ಒತ್ತಕ್ಷರ ಬರುವುದಿಲ್ಲ, ಗೊತ್ತಿದೆ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದು ಬಾಬಾ, ಸಿಟ್ಟಿದ್ದರೆ ಅವರ ಮೇಲೆ ತೀರಿಸಿಕೋ.

ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಯಾಕೆ ಅಂತ ಕೇಳುತ್ತೀಯ. ನನ್ನ ಫೋನ್ ಗಂಡ ಸಂದೇಶನ ಹೆಬ್ಬೆರಳಿಗೂ ತೆರೆಯುತ್ತದೆ. ಮದುವೆಯಾದ ಮೂರನೇ ದಿನ, ಪ್ರೀತಿ ಉಕ್ಕಿ, ನಾನೇ ಹಾಗೆ ಮಾಡಿಕೊಟ್ಟೆ. ಆದರೆ ಕನ್ನಡ ಅವನಿಗೆ ಬಸ್ಸಿನ ಬೋರ್ಡಿನಷ್ಟು ಮಾತ್ರ ಬರುತ್ತದೆ. ಗಡಿಯಾಚೆ ಗೋವೆಯಲ್ಲಿ ಕಲಿತವನಲ್ಲವೇ. ಕಾರವಾರ, ಅಂಕೋಲಾ, ಕುಮಟಾ ಎಂದು ಓದುತ್ತಾನೆ, ಅದನ್ನೂ ಬಸ್ಸಿನ ಬಣ್ಣ ನೋಡಿ ಊಹಿಸುತ್ತಾನೆ ಎಂದು ನನ್ನ ಗುಮಾನಿ. ಹಾಗಾಗಿ ಅಡುಗೆಮನೆಯ ಕಟ್ಟೆಯ ಮೇಲೆ ರಾಜಾರೋಷವಾಗಿ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿ, ಅಕ್ಕನಿಗೆ ಸಿಗಡಿಯ ಸುಕ್ಕೆ ಮಾಡುವುದು ಹೇಗೆಂದು ಬರೆಯುತ್ತಿದ್ದೀಯಾ ಎಂದು ಕೇಳಿ ಹೋದ. ಹೌದು ಎಂದೆ.

ನಾನು ಸುಖವಾಗಿದ್ದೇನೆ ಅಕ್ಕಾ, ಬಹಳ ಸುಖವಾಗಿದ್ದೇನೆ. ಶನಿವಾರ ಫ್ಯಾಕ್ಟರಿಯಿಂದ ಬರುವಾಗ ನನಗೆಂದು ಗೋವೆಯ ಬೇಕರಿಯಿಂದ ಏನಾದರೂ ತರುತ್ತಾನೆ. ಬೈಕ್ ಹತ್ತುವ ಮೊದಲು ನನ್ನ ದುಪಟ್ಟಾವನ್ನು ತಾನೇ ಸುತ್ತಿ ಕಟ್ಟುತ್ತಾನೆ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ದನಿ ಏರಿಸಿಲ್ಲ. (ಎಲ್ಲರೆದುರು ‘ಅವರು’ ಎನ್ನುತ್ತೇನೆ. ಇಲ್ಲಿ ‘ಅವನು’ ಎಂದದ್ದನ್ನು ಆಯಿಗೆ ಹೇಳಬೇಡ.) ಇಂಥ ಗಂಡನ ಬಗ್ಗೆ ದೂರು ಹೇಳಲು ಒಂದೇ ಒಂದು ಸಂಗತಿ ಇದೆ, ಅದು ಹಿಂದಿನ ಕೋಣೆಯಲ್ಲಿದೆ. ಅತ್ತೆ ಅದನ್ನು ನೆರೆಮನೆಯವರಿಗೆ ಹೇಳುವುದು ಹೀಗೆ: “ನಮ್ಮನೇಲಿ ಸೊಸೆಯಂದಿರು ಇಬ್ಬರು. ದೊಡ್ಡವಳ ತಲೆಗೆ ಎಣ್ಣೆ ಹಚ್ಚೂಕೆ ನಾನು ಬೇಕು. ಸಣ್ಣವಳಿಗೆ ಮಗ ತಾನೇ ದಿನಾ ಹಚ್ತಾನೆ.”

ಸಣ್ಣ ಸೊಸೆ ಎಂದರೆ ಕೋವಿ. ಗುಡ್ಡದ ಬುಡದಲ್ಲಿರುವ ನಮ್ಮ ಶೇಂಗಾ ಗದ್ದೆಗೆ ಹಂದಿ ನುಗ್ಗುತ್ತದೆಂದು ಮಾವನವರ ಹೆಸರಿನಲ್ಲಿ ಪರವಾನಗಿ ಇದೆ. ಮೊದಲು ಹಳೆಯ ಜೋಡಿ ನಳಿಗೆಯದ್ದಿತ್ತಂತೆ. ಎರಡು ವರ್ಷದ ಹಿಂದೆ ಮಗನ ಹಟಕ್ಕೆ ಸೆಮಿ ಆಟೊಮ್ಯಾಟಿಕ್ ಬಂತು. ಒಂದು ಹೊಡೆದರೆ ಮುಂದಿನ ತೋಟೆ ತಾನಾಗಿ ಒಳಗೆ ಬಂದು ಕೂರುತ್ತದೆ, ಅಷ್ಟೇ ಅದರ ಹೆಚ್ಚುಗಾರಿಕೆ. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಮಾವನವರಿಗೆ ಈಗ ಮೊಣಕಾಲು ನೋವು, ಗದ್ದೆಯ ಕಡೆ ಹೋಗುವುದಿಲ್ಲ. ಕೋವಿಯ ಕಪಾಟಿನ ಕೀಲಿಯನ್ನು ಮಗನಿಗೆ ಕೊಟ್ಟುಬಿಟ್ಟರು. ನಮ್ಮ ಮಹಾಶಯ ಅಲ್ಲಿಂದ ಕಸುಬುದಾರ ಕಾರಾಗೀರನಾದ.

ಅಕ್ಕಾ, ಇವನ ಕಾರಾಗೀರಿ ಎಂಥದ್ದು ಹೇಳುತ್ತೇನೆ. ಜನವರಿಯಿಂದ ನಮ್ಮ ಬಚ್ಚಲಮನೆಯ ಚಿಲಕ ಒಂದೇ ಸ್ಕ್ರೂನಲ್ಲಿ ಜೋತಾಡುತ್ತಿದೆ. ಅತ್ತೆ ಅದನ್ನು ನಾರಿನ ಕಾಥಿ ಹಗ್ಗದಲ್ಲಿ ಕಟ್ಟಿದ್ದಾರೆ. ಸರಿ ಮಾಡು ಎಂದರೆ ಅದು ಬಡಗಿಯ ಕೆಲಸ ಎನ್ನುತ್ತಾನೆ. ಅದೇ ಮನುಷ್ಯ ಅಮೆರಿಕದ ಯಾವನೋ ಗಡ್ಡದವನ ವಿಡಿಯೊ ನೋಡಿ ಕೋವಿಯ ಹೊಟ್ಟೆ ಬಿಚ್ಚುತ್ತಾನೆ. ಬಿಚ್ಚಿದ್ದನ್ನು ಇಡಲಿಕ್ಕೆ ನೀನು ಕೊಟ್ಟ ಸ್ಟೀಲಿನ ಮಸಾಲೆ ಡಬ್ಬಿ ಹೋಯಿತು. ಸಾಸಿವೆಯ ಬಟ್ಟಲಲ್ಲಿ ಸ್ಕ್ರೂ, ಜೀರಿಗೆಯ ಬಟ್ಟಲಲ್ಲಿ ಸ್ಪ್ರಿಂಗು. ವಾರ್ನಿಶ್ ಒಣಗಿಸಲು ನನ್ನ ಹೇರ್ ಡ್ರೈಯರ್. ಗುರಿ ಹಿಡಿಯುವ ತುದಿಯ ಮಣಿಗೆ ನನ್ನ ಕೆಂಪು ನೇಲ್ ಪಾಲಿಶ್. ಅಂಗಡಿಯಿಂದ ಬಂದಿದ್ದ ಚೆಂದದ ಹಿಡಿಯನ್ನು ತೆಗೆದುಹಾಕಿ ಎರಡು ತಿಂಗಳು ಕೂತು ಹಲಸಿನ ಮರದಲ್ಲಿ ಹೊಸದು ಕೆತ್ತಿದ. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, “ಚಲೋ ಆಗದೆ. ಮದುವೆ ಮನೇಲಿ ಶೀರಾ ತಿರುವೂಕೆ ಕೊಡುವಾ” ಎಂದರು. ನಾನು ನಕ್ಕು ನಕ್ಕು ಹಿತ್ತಿಲಿಗೆ ಓಡಿದೆ. ಅವನು ಒಂದು ಹೊತ್ತು ಊಟ ಮಾಡಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಒಂದು ದಿನ, ಟ್ರಿಗರ್ ಬಹಳ ಗಟ್ಟಿ ಇತ್ತು, ಒಳಗಿನದೆಲ್ಲ ಹಗುರ ಮಾಡಿ ಬೆಣ್ಣೆಯ ಹಾಗೆ ಮಾಡಿದ್ದೇನೆ ಎಂದು ಸಾರಿದ. ಫ್ಯಾಕ್ಟರಿಯ ಇಬ್ಬರು ಗೆಳೆಯರನ್ನು ಕರೆದುಕೊಂಡು ಒಂದು ಭಾನುವಾರ ಬೆಳಗ್ಗೆ ಪರೀಕ್ಷೆಗೆಂದು ಗದ್ದೆಗೆ ಹೋದ. ಹಂದಿಯನ್ನು ಬೆದರಿಸಲು ಮಾತ್ರ, ಆಕಾಶಕ್ಕೆ ಹೊಡೆಯುವುದು ಎಂದು ಹೇಳಿದ. ನಾನೂ ಹೊಸ ಕುರ್ತಾ ಹಾಕಿಕೊಂಡು ಹೋದೆ. ಗದ್ದೆ ಕಾಯುವ ಸುಕ್ರ ಮಾಳದ ಅಟ್ಟದಿಂದ ಇಳಿದು ಬಂದು ಕೋವಿಯನ್ನು ಮೇಲಿಂದ ಕೆಳಗೆ ನೋಡಿದ. “ಒಡೇರೆ, ಹಂದಿ ಬಣ್ಣ ನೋಡ್ಕಂಡಿ ಓಡ್ತದ್ಯಾ?” ಎಂದ.

ಮೊದಲನೆಯದು ಹಾರಿತು. ಎರಡನೆಯದಕ್ಕೆ ಕೋವಿ ಬಾಯಿ ಕಚ್ಚಿಕೊಂಡಿತು. ಅರ್ಧ ತೆರೆದು ಅರ್ಧ ಮುಚ್ಚಿ ನಿಂತಿತು, ಟ್ರಿಗರ್ ಅಲುಗಲೇ ಇಲ್ಲ. ಗೆಳೆಯರು ಗಂಟಲು ಸರಿಮಾಡಿಕೊಂಡು ಆಕಾಶ ನೋಡಿದರು. ಅಷ್ಟರಲ್ಲಿ ಗದ್ದೆಯ ಆ ತುದಿಗೆ ನಿಜವಾಗಿಯೇ ಒಂದು ಹಂದಿ ಮರಿಗಳ ಸಮೇತ ಬಂತು. ಸುಕ್ರ ಎಣ್ಣೆ ಡಬ್ಬಿಗೆ ಕೋಲಿನಿಂದ ನಾಲ್ಕು ಬಡಿದ, ಅವು ಗುಡ್ಡ ಹತ್ತಿದವು. “ನನ್ ಡಬ್ಬಿಗೆ ಪರವಾನಗಿನೂ ಬೇಡ, ಎಣ್ಣೆನೂ ಬೇಡ” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಸಂದೇಶನ ಕಿವಿ ಕೆಂಪಾದದ್ದು ನೋಡಿ ನನಗೆ ಒಂದು ಕಡೆ ಅಯ್ಯೋ ಅನ್ನಿಸಿತು, ಇನ್ನೊಂದು ಕಡೆ ಯಾರಾದರೂ ಇನ್ನೂ ನಾಲ್ಕು ಮಾತು ಹೇಳಲಿ ಅನ್ನಿಸಿತು.

ಮನೆಗೆ ಬಂದವನೇ ಕೆಳಗಿನಿಂದ ತೋಟೆಗಳನ್ನೆಲ್ಲ ತೆಗೆದು ಡಬ್ಬಿಗೆ ಹಾಕಿದ. ಆಮೇಲೆ ಕೋವಿಯ ಬದಿಗೆ ರಬ್ಬರ್ ಸುತ್ತಿಗೆಯಿಂದ ಎರಡು ಏಟು ಕೊಟ್ಟ. ಕಟಕ್ ಎಂದು ಅದರ ಬಾಯಿ ಮುಚ್ಚಿಕೊಂಡಿತು. ಅವನ ಮುಖ ಅರಳಿದ್ದು ನೀನು ನೋಡಬೇಕಿತ್ತು, ಬಿಟ್ಟುಹೋದ ಬಸ್ಸು ಮರಳಿ ಸಿಕ್ಕವರ ಹಾಗೆ. ಕನ್ನಡಿಯ ಮುಂದೆ ನಿಂತು, ವಿಡಿಯೊ ಮಾಡು ಎಂದ. ಮಾಡಿದೆ. ಕನ್ನಡಿಗೆ ಗುರಿ ಹಿಡಿದ, ಗಿರಕ್ಕನೆ ತಿರುಗಿ ನನಗೆ ಹಿಡಿದ. ಖಾಲಿ ಇದೆ, ಬೆಣ್ಣೆ ಹೇಗಿದೆ ಕೇಳು, ಎಂದು ಒತ್ತಿದ. ಟುಕ್ ಎಂದಿತು. ನಾನು ನಕ್ಕೆ. ಹನ್ನೊಂದು ಸೆಕೆಂಡಿನ ವಿಡಿಯೊ. ಅದನ್ನು ಅವನು ಸ್ಟೇಟಸ್ಸಿಗೆ ಹಾಕಿದ, ನೀನೂ ನೋಡಿ ನಗುವ ಮುಖ ಕಳಿಸಿದ್ದೆ.

ಮರುದಿನ ಸೋಮವಾರ ಅವನು ಕೆಲಸಕ್ಕೆ ಹೋಗಿದ್ದ. ಕೋವಿ ನಮ್ಮ ಹಾಸಿಗೆಯ ಪಕ್ಕ ಗೋಡೆಗೆ ಒರಗಿತ್ತು. ನಿನ್ನನ್ನು ನಗಿಸಲು ಅವನ ಅಣಕ ಮಾಡಿ ವಿಡಿಯೊ ಕಳಿಸೋಣ ಎಂದುಕೊಂಡೆ. ಅವನ ಟೋಪಿ ಹಾಕಿಕೊಂಡೆ, ಅವನ ಹಾಗೆಯೇ ಹೊಟ್ಟೆ ಮುಂದೆ ಮಾಡಿ ಕನ್ನಡಿಯ ಎದುರು ನಿಂತೆ, ಅವನು ಎಳೆಯುವ ಹಾಗೆಯೇ ಬದಿಯ ಹಿಡಿಕೆ ಹಿಂದಕ್ಕೆ ಎಳೆದೆ.

ಒಂದು ಕೆಂಪು ತೋಟೆ ಹಾರಿ ಹಾಸಿಗೆಯ ಮೇಲೆ ಬಿತ್ತು.

ಹೊಡೆದು ಮುಗಿದದ್ದಿರಬೇಕು ಎಂದುಕೊಂಡೆ. ಕೈಗೆತ್ತಿದರೆ ಭಾರ. ಮುಂದಿನ ತುದಿ ಮಡಚಿ ಮುಚ್ಚಿದ ಹಾಗೆಯೇ ಇದೆ. ಕೋವಿಯನ್ನು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಸಿ, ಟೋಪಿ ತೆಗೆಯುವುದನ್ನೂ ಮರೆತು ಅಂಗಳಕ್ಕೆ ಹೋದೆ. ಸುಕ್ರ ಶೇಂಗಾ ಒಣಗಲು ಹರಡುತ್ತಿದ್ದ. ಅವನು ತೋಟೆಯ ಹಿತ್ತಾಳೆಯ ಬುಡವನ್ನು ಬಿಸಿಲಿಗೆ ಹಿಡಿದ. ನಡುವೆ ಸಣ್ಣ ಕುಳಿ, ಬೆರಳಲ್ಲಿ ಮುಟ್ಟಿದರೆ ತಿಳಿಯುವಷ್ಟು. “ಅಮ್ಮಾ, ಇದಕ್ಕೆ ಪೆಟ್ಟು ಬಿದ್ದದೆ” ಎಂದ. “ಪೆಟ್ಟು ಸಾಲಲಿಲ್ಲ, ಅದಕ್ಕೆ ಸಿಡೀಲಿಲ್ಲ. ನಿನ್ನೆ ಗದ್ದೆಲಿ ಅಲ್ಲ ಇದು, ಅಲ್ಲಿ ಕೋವಿ ಕಚ್ಕಂಡೇ ಇತ್ತು. ಆಮೇಲೆ ಯಾರು ಒತ್ತಿದ್ರು?”

ಗದ್ದೆಯಲ್ಲಿ ಬಾಯಿಗೆ ಸಿಕ್ಕಿಕೊಂಡಿದ್ದ ತೋಟೆಯನ್ನು ಆ ರಬ್ಬರ್ ಸುತ್ತಿಗೆ ಒಳಗೆ ಕೂರಿಸಿತ್ತು. ನೀನು ಈಗ ಲೆಕ್ಕ ಹಾಕಿರುತ್ತೀಯ, ಕುಡಿಯುವ ನೀರು ಪಕ್ಕದಲ್ಲಿ ಇಟ್ಟುಕೋ. ನಾನು ಬದುಕಿರುವುದು ನನ್ನ ಗಂಡನಿಗೆ ಕೆಲಸ ಬಾರದ್ದರಿಂದ, ಅಕ್ಕಾ. ಅವನು ಬೆಣ್ಣೆಯ ಹಾಗೆ ಮಾಡಿದ್ದು ನಿಜವಾಗಿಯೂ ಬೆಣ್ಣೆಯೇ ಆಗಿತ್ತು, ಅದಕ್ಕೆ ಒಂದು ತೋಟೆ ಒಡೆಯುವ ಕಸುವು ಉಳಿದಿರಲಿಲ್ಲ. ಸ್ವಲ್ಪ ಜಾಣ ಕೈಯವನನ್ನು ಕಟ್ಟಿಕೊಂಡಿದ್ದರೆ ಈಗ ನೀವೆಲ್ಲ ಮಾಜಾಳಿಗೆ ಬಂದು ಹೋಗಿ ಹತ್ತು ದಿನದ ಮೇಲಾಗಿರುತ್ತಿತ್ತು.

ಅವನಿಗೆ ಹೇಳಿಲ್ಲ. ಹೇಳಿದರೆ ಅಳುತ್ತಾನೆ, ದೇವಿ ಮಹಾಲಸೆಯ ಮೇಲೆ ಆಣೆ ಹಾಕುತ್ತಾನೆ, ನನ್ನ ಕಾಲನ್ನೂ ಹಿಡಿದಾನು. ಒಂದು ವಾರ ಕಳೆದ ಮೇಲೆ, ಪೆಟ್ಟು ಯಾಕೆ ಸಾಲಲಿಲ್ಲ ಎಂದು ಹುಡುಕಲು ಕೂರುತ್ತಾನೆ. ಹುಡುಕಿ ಸರಿ ಮಾಡುತ್ತಾನೆ. ನನಗೆ ಭಯ ಅವನ ತಪ್ಪಿನದಲ್ಲ, ಅವನು ಸರಿ ಮಾಡುವುದರದು.

ನಮ್ಮ ಪುಣ್ಯಕ್ಕೆ ಚುನಾವಣೆ ಬಂತು. ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕೆಂದು ಆದೇಶ ಬಂದು ಆಗಲೇ ಒಂದು ವಾರವಾಗಿತ್ತು. ಗುರುವಾರ ರಜೆ ಹಾಕಿ ಅಪ್ಪ ಮಗ ಇಬ್ಬರೂ ರಿಕ್ಷಾದಲ್ಲಿ ಹೋದರು. ಠಾಣೆಯವರು ಹಲಸಿನ ಹಿಡಿ, ಹೊಸ ಬಣ್ಣ, ಕೆಂಪು ಮಣಿ ಎಲ್ಲ ನೋಡಿ, “ಇದು ಕೋವಿಯೋ ಚೌತಿ ಮಂಟಪವೋ?” ಎಂದರಂತೆ. ನಂಬರಿನ ಮೇಲೂ ಬಣ್ಣ ಬಳಿದಿದ್ದ ಪುಣ್ಯಾತ್ಮ. ಕೀಲಿಯಿಂದ ಕೆರೆದು ನಂಬರು ಹುಡುಕಿದರಂತೆ. ಪರವಾನಗಿ ಇಲ್ಲದವನು ಹೀಗೆಲ್ಲ ಬಿಚ್ಚಬಾರದು, ಕೇಸಾಗುತ್ತದೆ ಎಂದು ಮಾವನವರಿಗೆ ಹತ್ತು ಜನರ ಎದುರು ಹೇಳಿದರಂತೆ. ಅವರು ಸಹಿ ಹಾಕಿದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಸಂದೇಶ, ಅದೂ ಠಾಣೆಯವರಿಗೆ ಕಲೆಯ ಗಂಧವಿಲ್ಲ ಎಂಬ ದೂರಿನೊಂದಿಗೆ.

ಈಗ ಹಿಂದಿನ ಕೋಣೆ ಖಾಲಿ. ಮಸಾಲೆ ಡಬ್ಬಿಯನ್ನು ಮೂರು ಸಲ ತಿಕ್ಕಿದ್ದೇನೆ, ಆದರೂ ಜೀರಿಗೆಗೆ ಯಂತ್ರದೆಣ್ಣೆಯ ವಾಸನೆ. ಜೂನ್ ನಾಲ್ಕಕ್ಕೆ ಮತ ಎಣಿಕೆ, ಆಮೇಲೆ ಕೋವಿ ವಾಪಸ್ಸು ಎಂದು ಅವನು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದ್ದಾನೆ, ನನ್ನ ನೇಲ್ ಪಾಲಿಶ್‌ನಿಂದಲೇ.

ಜೂನ್ ಮೊದಲ ವಾರ ನಾನು ಅವರ್ಸಾಕ್ಕೆ ಬರುತ್ತೇನೆ. ಕರಿ ಈಶಾಡ ಮಾವಿನಹಣ್ಣು ಮುಗಿಸಿಬಿಡಬೇಡ. ನನ್ನ ಹಳೆಯ ಮಂಚದ ಮೇಲೆ ನಿನ್ನ ಶಾಲೆಯ ಕಾಗದ ರಾಶಿ ಹಾಕಿದ್ದರೆ ತೆಗೆದಿಡು.

ನಿನ್ನ ತಲೆಹರಟೆ ತಂಗಿ,
ಮನಿಷಾ

ತಾ.ಕ.: ಸುಕ್ರನಿಗೆ ಮಾತ್ರ ಗೊತ್ತು ಎಂಬ ಹಾಗೆ ಮೇಲೆ ಬರೆದೆ. ಅದು ಪೂರ್ತಿ ನಿಜವಲ್ಲ. ಅದೇ ಸೋಮವಾರ ಮಧ್ಯಾಹ್ನ ಮಾವನವರ ಚಹಾದ ಬಶಿಯಲ್ಲಿ ಆ ತೋಟೆ ಇಟ್ಟೆ. ಅವರು ಕನ್ನಡಕ ಹಾಕಿ ಬುಡ ನೋಡಿದರು. “ಬಾಯಿ ಯಾವ ಬದಿಗಿತ್ತು, ತಂಗಿ?” ಎಂದು ಕೇಳಿದರು. ನಾನು ಫೋನ್ ಕೊಟ್ಟೆ. ಹನ್ನೊಂದು ಸೆಕೆಂಡೂ ನೋಡಿದರು, ನನ್ನ ನಗು ಮುಗಿಯುವ ತನಕ. ಚಹಾ ಆರಿಹೋಯಿತು. “ಕೀಲಿ ಅವನ ಕೈಗೆ ಕೊಟ್ಟವ ನಾನು. ಕಾಗದ ತಕ್ಕೊ. ನಾ ಹೇಳ್ತೆ, ನೀ ಬರಿ” ಎಂದರು. ನನಗೆ ವಯಸ್ಸಾಗಿದೆ, ಪರವಾನಗಿ ರದ್ದು ಮಾಡಬೇಕು, ಠಾಣೆಯಲ್ಲಿಡುವ ಕೋವಿ ನನಗಾಗಲಿ ನನ್ನ ಮನೆಯವರಿಗಾಗಲಿ ಮರಳಿ ಬೇಡ ಎಂದು ಜಿಲ್ಲಾಧಿಕಾರಿಯವರಿಗೆ ಅರ್ಜಿ. ನಾನು ಬರೆದ ಮೊದಲ ಕನ್ನಡ ಅರ್ಜಿ, ಅಕ್ಕಾ, ಒಂದೇ ಒಂದು ಕಾಟು ಹೊಡೆದಿಲ್ಲ.

ಠಾಣೆಯಿಂದ ಬರುವಾಗ ಮಾವನವರಿಗೆ ಮೊಣಕಾಲು ನೋವೆಂದು ಕಾರವಾರದ ಕಚೇರಿಗೆ ಅದನ್ನು ಒಯ್ದು ಕೊಟ್ಟವನು ಸಂದೇಶ. ಚುನಾವಣೆಯ ಕಾಗದ ಎಂದು ತಿಳಿದಿದ್ದಾನೆ. ಮೊಹರು ಹಾಕಿಸಿದ ಪ್ರತಿಯ ಫೋಟೊ ತೆಗೆದು, ಪಕ್ಕದಲ್ಲಿ ಒಂದು ಹೃದಯ ಹಾಕಿ ನನಗೇ ಕಳಿಸಿದ.

ನಾಲ್ಕು ದಿನದಿಂದ ಅವನಿಗೆ ಕನ್ನಡ ಕಲಿಸಲು ಶುರು ಮಾಡಿದ್ದೇನೆ. ಮಂದ ಬುದ್ಧಿ, ದಿನಕ್ಕೆ ಎರಡಕ್ಷರಕ್ಕಿಂತ ಹೆಚ್ಚು ಹೋಗುವುದಿಲ್ಲ. ಆದರೂ ಜೂನ್ ನಾಲ್ಕರೊಳಗೆ ಆ ಅರ್ಜಿ ಓದುವಷ್ಟು ಬರಬೇಕು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಓದಿ ಅವನು ಏನೆನ್ನುತ್ತಾನೋ ನೋಡಿ, ಮಾವಿನಹಣ್ಣಿಗೆ ಒಬ್ಬಳೇ ಬರುತ್ತೇನೋ ಇಬ್ಬರೂ ಬರುತ್ತೇವೋ ತಿಳಿಸುತ್ತೇನೆ. ಮಂಚ ಮಾತ್ರ ಈಗಲೇ ಖಾಲಿ ಮಾಡಿಡು.